ಲಾಟಿಗೊಂದು ಫೋಲ್ಡರು



ಈ ಸಲದ ಮಾತು ಕಂಪ್ಯೂಟರಿನದು. "ಅದು ಹುಡುಗರ ಪಾಡು, ನಮಗೇಕೆ" ಎಂದು ಹಿರಿಯರು ಪುಟ ತಿರುವಿಬಿಡಬಾರದೆಂದು ಮೊದಲೇ ಕೇಳಿಕೊಳ್ಳುತ್ತೇವೆ. ನಾವೂ ಹಾಗೆಯೇ ಅಂದುಕೊಂಡವರು. ಅಂದುಕೊಂಡು ಏನಾಯಿತೆಂಬುದನ್ನು ಹೇಳುವುದಕ್ಕಾಗಿಯೇ ಈ ತಿಂಗಳ ಬರಹ.

2021ರ ಮೇ ತಿಂಗಳು. ಕೊರೋನಾದ ಎರಡನೆಯ ಅಲೆಯ ದಿನಗಳು. ನಮ್ಮ ಚಿಕ್ಕಪ್ಪನವರ ಮಗ, ನಮಗಿಂತ ಹನ್ನೊಂದು ವರ್ಷ ಚಿಕ್ಕವನು, ಹತ್ತೇ ದಿನದಲ್ಲಿ ಕೈಬಿಟ್ಟು ಹೋದ. ಅಂಗಡಿಯಲ್ಲಿ ಹತ್ತಿ ಖರೀದಿ, ರೈತರ ಮಾತು, ಮಿಲ್ಲಿನವರ ಮಾತು ನಮ್ಮ ಪಾಲಿನದು. ಬಿಲ್ಲು, ಟ್ಯಾಲಿ, ಜಿಎಸ್‌ಟಿ, ಬ್ಯಾಂಕು ಎಲ್ಲ ಅವನ ಪಾಲಿನದು. ಇಪ್ಪತ್ತು ವರ್ಷ ಹಾಗೇ ನಡೆದಿತ್ತು. ಯಾವ ಕಾಗದ ಬೇಕಾದರೂ "ತಮ್ಮಾ, ಅದು ಎಲ್ಲೈತೆ?" ಎಂದರೆ ಸಾಕು, ಎರಡು ನಿಮಿಷದಲ್ಲಿ ಪ್ರಿಂಟು ಕೈಗೆ ಬರುತ್ತಿತ್ತು.

ಸೂತಕ ಕಳೆದು ಅಂಗಡಿ ಬಾಗಿಲು ತೆಗೆದ ದಿನ ಅವನ ಕುರ್ಚಿಯಲ್ಲಿ ಕೂಡಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಅವನ ಹೆಂಡತಿಯೇ ಬಂದು ಕುಳಿತು ಕಂಪ್ಯೂಟರ್ ಹಚ್ಚಿದಳು. ಪರದೆಯ ಮೇಲೆ ಅವನು ಹಾಕಿಕೊಂಡಿದ್ದ ಪಾರ್ಶ್ವನಾಥ ಸ್ವಾಮಿಯ ಚಿತ್ರ ಕಾಣದಷ್ಟು ಫೈಲುಗಳು. ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ 2, ಹೀಗೆ 17ರವರೆಗೆ. ಆಮೇಲೆ ಫೈನಲ್, ಫೈನಲ್ ನ್ಯೂ, ಫೈನಲ್ ಕರೆಕ್ಟ್. ಒಂದು ಫೋಲ್ಡರಿನ ಹೆಸರು 'ಅಣ್ಣ ಕೇಳಿದ್ದು' ಎಂದಿತ್ತು. ಅದನ್ನು ಓದಿ ನಾವು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆವು.

ಅದೇ ವಾರ ಒಂದು ನೂಲಿನ ಮಿಲ್ಲಿನಿಂದ ಫೋನು ಬಂತು. ಜನವರಿಯಲ್ಲಿ ಕಳಿಸಿದ ಎರಡು ಲಾಟಿನಲ್ಲಿ ತೂಕ ಕಡಿಮೆ ಬಂದಿದೆ, ತೇವ ಹೆಚ್ಚಿದೆ, ಎರಡಕ್ಕೂ ಸೇರಿ ಒಂದು ಲಕ್ಷ ನಲವತ್ತು ಸಾವಿರ ಹಿಡಿದುಕೊಳ್ಳುತ್ತೇವೆ ಎಂದರು. ನಮ್ಮ ಕಡೆ ಲಾರಿ ಹೊರಟಾಗ ಮಾಡಿಸಿದ ಕಾಟಾ ಚೀಟಿ ಇದ್ದದ್ದು ನಮಗೆ ಗೊತ್ತು. ತಮ್ಮ ಅದರ ಫೋಟೋ ತೆಗೆದದ್ದನ್ನು ನಾವೇ ಕಣ್ಣಾರೆ ನೋಡಿದ್ದೆವು. ಆದರೆ ಆ ಫೋಟೋ ಎಲ್ಲಿ? ಜಿಎಸ್‌ಟಿ ಪೋರ್ಟಲಿನಲ್ಲಿ ಏನಾದರೂ ಸಿಕ್ಕೀತೇ ಎಂದು ಹೋದರೆ ಓಟಿಪಿ ಅವನ ಮೊಬೈಲಿಗೆ. ಮೊಬೈಲಿಗೆ ಅವನ ಬೆರಳಿನ ಗುರುತು. ಹದಿನೈದು ದಿನ ಹುಡುಕಿ, ಮಿಲ್ಲಿನವರ ಜೊತೆ ಅರ್ಧಕ್ಕೆ ರಾಜಿಯಾದೆವು. ಎಪ್ಪತ್ತು ಸಾವಿರ ಹೋಯಿತು. ಅದನ್ನು ಬಿಡಿ, ವ್ಯಾಪಾರದಲ್ಲಿ ಬರುತ್ತದೆ ಹೋಗುತ್ತದೆ. ಅವನ ವಿಮೆ ಪಾಲಿಸಿಯ ಪ್ರತಿ ಸಿಕ್ಕಿದ್ದು ಏಳು ತಿಂಗಳ ಮೇಲೆ, 'ಶ್ರವಣಬೆಳಗೊಳ ಫೋಟೋ' ಎಂಬ ಫೋಲ್ಡರಿನೊಳಗೆ. ಅಷ್ಟು ದಿನ ಆ ಹೆಣ್ಣುಮಗಳು ಮಕ್ಕಳ ಕಾಲೇಜು ಫೀಸಿಗೆ ನಮ್ಮನ್ನು ಕೇಳಬೇಕಾಯಿತು. ನಾವು ಕೊಟ್ಟೆವು, ಕೊಡುವುದು ನಮ್ಮ ಧರ್ಮ. ಆದರೆ ಕೇಳುವವರಿಗೆ ಹೇಗಿರುತ್ತದೆಂಬುದು ಕೇಳಿದವರಿಗೇ ಗೊತ್ತು.

ತಮ್ಮ ಅವ್ಯವಸ್ಥೆಯ ಮನುಷ್ಯನಲ್ಲ. ವ್ಯವಸ್ಥೆ ಇತ್ತು, ಅವನ ತಲೆಯಲ್ಲಿ ಇತ್ತು. ನಮ್ಮಲ್ಲಿ ಎಷ್ಟೋ ಮನೆಗಳ ಕಂಪ್ಯೂಟರು ಹೀಗೆ ಒಬ್ಬರ ತಲೆಯ ಮೇಲೆ ನಿಂತಿದೆ ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ಅಜ್ಜನವರ ಕಾಲದ ಕಾಗದಗಳನ್ನು ನೆನೆಸಿಕೊಳ್ಳಿ. ದಿನದಿನದ ಕಿರ್ದಿ, ಅದರಿಂದ ಎತ್ತಿದ ಖಾತೆ ಪುಸ್ತಕ. ಬಂದ ಚೀಟಿಗಳನ್ನೆಲ್ಲ ಮೊದಲು ತಂತಿಗೆ ಚುಚ್ಚುವುದು. ಹಂಗಾಮು ಮುಗಿದ ಮೇಲೆ ಒಂದೊಂದು ಗಿರಾಕಿಯ ಕಾಗದ ಒಂದೊಂದು ಗಂಟು, ಗಂಟಿಗೊಂದು ಚೀಟಿ. ಬಸದಿಯ ಭಂಡಾರದಲ್ಲಿ ತಾಳೆಗರಿ ಕಟ್ಟಿಗೆ ಎರಡು ಹಲಗೆ ಕೊಟ್ಟು ಬಟ್ಟೆ ಸುತ್ತಿ ಹೆಸರು ಬರೆದಿಡುವುದನ್ನು ನೋಡಿದವರಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಅಜ್ಜ ತೀರಿಕೊಂಡು ಹತ್ತು ವರ್ಷದ ಮೇಲೂ ಓದು ಬರುವ ಯಾರಾದರೂ ಟ್ರಂಕು ತೆಗೆದು ಬೇಕಾದ ಗಂಟನ್ನು ಎತ್ತಬಹುದಿತ್ತು. ನಮ್ಮ ತಮ್ಮ ಹೋದ ಹದಿಮೂರನೆಯ ದಿನಕ್ಕೇ ನಮಗೆ ಒಂದು ಕಾಟಾ ಚೀಟಿ ಸಿಗಲಿಲ್ಲ. ಯಂತ್ರ ಬಂದು ನಾವು ಮುಂದೆ ಹೋದೆವೋ ಹಿಂದೆ ಹೋದೆವೋ, ನೀವೇ ಹೇಳಿ.

ತಪ್ಪು ಯಂತ್ರದ್ದಲ್ಲ. ಪರದೆಯ ಮೇಲಿನ ಹಳದಿ ಫೋಲ್ಡರು ಕಾಗದದ ಫೋಲ್ಡರಿನದೇ ಚಿತ್ರ. 1981ರಲ್ಲಿ ಝೆರಾಕ್ಸ್ ಕಂಪನಿ ಸ್ಟಾರ್ ಎಂಬ ಯಂತ್ರವನ್ನು ತಂದಾಗ, ಕಚೇರಿಯ ಜನಕ್ಕೆ ಪರಿಚಯದ ವಸ್ತು ಕಾಣಲಿ ಎಂದೇ ಫೈಲು, ಫೋಲ್ಡರುಗಳ ಚಿತ್ರಗಳನ್ನು ಪರದೆಯ ಮೇಲಿಟ್ಟರು. ಟ್ಯಾಲಿಯಂತೂ ವ್ಯಾಪಾರಿಯ ಮನೆಯಲ್ಲೇ ಹುಟ್ಟಿದ್ದು. ಬೆಂಗಳೂರಿನಲ್ಲಿ ಮಿಲ್ಲುಗಳಿಗೆ ಸಾಮಾನು ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದೆ, ಮಗ ಭರತರ ಕೈಯಲ್ಲಿ ಬರೆಯಿಸಿದರು. 1986ರಲ್ಲಿ ಕಂಪನಿ ಶುರುವಾಯಿತು. ಆದರೆ ಟ್ಯಾಲಿ ಇಡುವುದು ಲೆಕ್ಕವನ್ನು. ಲೆಕ್ಕದ ಹಿಂದಿನ ಕಾಗದವನ್ನು ನಾವೇ ಇಡಬೇಕು. ಇದನ್ನು ನಾವು ಮರೆತೆವು. "ಕಂಪ್ಯೂಟರಿನಲ್ಲಿ ಹಾಕಿದ್ದೇವೆ, ಹುಡುಕಿದರೆ ಸಿಗುತ್ತದೆ" ಎಂದುಕೊಂಡೆವು. ಹುಡುಕು ಎಂದರೆ ಯಂತ್ರ ಹೆಸರನ್ನು ಹುಡುಕುತ್ತದೆ. ವಾಟ್ಸಾಪಿನಿಂದ ಇಳಿದ ಚಿತ್ರಕ್ಕೆ 'ಐಎಂಜಿ-20210118-ಡಬ್ಲ್ಯೂಎ0007' ಎಂದು ಹೆಸರು. ಅದು ಕಾಟಾ ಚೀಟಿಯೋ ಮೊಮ್ಮಗನ ನಾಮಕರಣವೋ ಹೆಸರಿನಿಂದ ಯಾರಿಗೆ ಗೊತ್ತಾಗಬೇಕು?

ತಮ್ಮನ ಹೆಂಡತಿ ಮದುವೆಗೆ ಮುಂಚೆ ಬಿ.ಕಾಂ. ಮಾಡಿದವಳು. ಆ ವರ್ಷ ಮಳೆಗಾಲವೆಲ್ಲ ಮಧ್ಯಾಹ್ನದ ಹೊತ್ತು ಅಂಗಡಿಗೆ ಬಂದು ಕೂತು ಫೈಲುಗಳನ್ನು ಒಂದೊಂದಾಗಿ ತೆರೆದಳು. ಒಂದು ದಿನ ನಮ್ಮನ್ನು ಕರೆದು, "ಭಾವನವರೇ, ಇಲ್ಲಿ ಬಿಲ್ಲೆಲ್ಲ ಒಂದು ಕಡೆ ಐತೆ, ಫೋಟೋ ಎಲ್ಲ ಒಂದು ಕಡೆ, ಬ್ಯಾಂಕಿನದು ಒಂದು ಕಡೆ, ಪತ್ರ ಒಂದು ಕಡೆ. ಒಂದು ಲಾಟಿನ ಕಥೆ ತಿಳೀಬೇಕಂದ್ರೆ ಐದು ಮನೆ ತಿರುಗಬೇಕು" ಎಂದಳು.

ನಮಗೆ ಆಗ ಹೊಳೆಯಿತು. ನಾವು ಕಾಗದವನ್ನು ಜಾತಿಯಿಂದ ಇಟ್ಟಿದ್ದೆವು, ಕೆಲಸದಿಂದ ಇಟ್ಟಿರಲಿಲ್ಲ. ತಕರಾರು ಬಂದಾಗ ಯಾರೂ "ನಿಮ್ಮ ಬಿಲ್ಲುಗಳನ್ನೆಲ್ಲ ತೋರಿಸಿ" ಎನ್ನುವುದಿಲ್ಲ. "ಆ ಜನವರಿ ಲಾಟಿನದು ತೋರಿಸಿ" ಎನ್ನುತ್ತಾರೆ. ಕೇಳುವವರು ಕೆಲಸದಿಂದ ಕೇಳುತ್ತಾರೆ. ಇಡುವವರೂ ಕೆಲಸದಿಂದಲೇ ಇಡಬೇಕು.

ಹತ್ತಿಯವರಿಗೆ ಇದು ಹೊಸ ಮಾತೇ ಅಲ್ಲ. ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಕೊಂಡು, ಜಿನ್ನಿನಲ್ಲಿ ಕಾಳು ಬಿಡಿಸಿ, ಅರಳೆಯನ್ನು ಪ್ರೆಸ್ಸಿಗೆ ಹಾಕಿ ಬೇಲು ಮಾಡಿದರೆ ಒಂದು ಬೇಲಿಗೆ ಸುಮಾರು 170 ಕಿಲೋ. ಸಾಮಾನ್ಯವಾಗಿ ನೂರು ಬೇಲಿಗೆ ಒಂದು ಲಾಟು. ಅಂದರೆ 17,000 ಕಿಲೋ, ಕ್ಯಾಂಡಿ ಲೆಕ್ಕದಲ್ಲಿ 48ಕ್ಕೆ ಚೂರು ಕಡಿಮೆ. ಪ್ರತಿ ಬೇಲಿನ ಮೇಲೂ ಪ್ರೆಸ್ಸಿನ ಮಾರ್ಕು, ಓಡುವ ನಂಬರು. ಇದು ಬ್ರಿಟಿಷರ ಕಾಲದ ಪದ್ಧತಿ. 1925ರ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯ್ದೆ ಬೇಲಿಗೆ ಮಾರ್ಕನ್ನೂ ಕ್ರಮಸಂಖ್ಯೆಯನ್ನೂ ಕಡ್ಡಾಯ ಮಾಡಿತ್ತು. ಏಕೆ? ದೂರದ ಮಿಲ್ಲಿನಲ್ಲಿ ಬೇಲು ಬಿಚ್ಚಿದಾಗ ಒಳಗೆ ಕಲಬೆರಕೆ ಕಂಡರೆ ಅದು ಯಾವ ಪ್ರೆಸ್ಸಿನದೆಂದು ಹಿಡಿಯುವುದಕ್ಕೆ. ಬೇಲಿಗೆ ಹೆಸರಿಲ್ಲದೆ ನಾವು ಲಾರಿ ಹತ್ತಿಸುವುದಿಲ್ಲ. ಅದೇ ಲಾಟಿನ ಕಾಗದವನ್ನು ಮಾತ್ರ ಹೆಸರಿಲ್ಲದೆ ಎಲ್ಲೆಂದರಲ್ಲಿ ಎಸೆಯುತ್ತಿದ್ದೆವು!

ಈಗ ನಮ್ಮಲ್ಲಿ ಲಾಟಿಗೊಂದು ಫೋಲ್ಡರು. ಹೆಸರು ಬೇಲಿನ ಮೇಲಿನ ಮಾರ್ಕಿನಂತೆಯೇ: ಹಂಗಾಮಿನ ವರ್ಷ, ಲಾಟಿನ ನಂಬರು, ಕೊಂಡವರ ಊರು. ಒಳಗೆ ಆ ಲಾಟಿಗೆ ಸಂಬಂಧಪಟ್ಟದ್ದೆಲ್ಲ, ಅದು ಬಿಲ್ಲಾಗಲಿ ಫೋಟೋ ಆಗಲಿ. ರೈತರಿಂದ ಕೊಂಡ ಲೆಕ್ಕ ಮೊದಲು. 2017ರ ನವೆಂಬರ್ 15ರಿಂದ ರೈತರಿಂದ ಕೊಂಡ ಕಚ್ಚಾ ಹತ್ತಿಗೆ ಕೊಂಡವರೇ ತೆರಿಗೆ ಕಟ್ಟಬೇಕೆಂದು ಆದ ಮೇಲೆ ಈ ಕಾಗದ ಬಹಳ ಮುಖ್ಯವಾಗಿದೆ. ಆಮೇಲೆ ಜಿನ್ನಿನ ಕೂಲಿ ಬಿಲ್ಲು, ಮಾದರಿ ಪರೀಕ್ಷೆಯ ವರದಿ, ಮಾರಾಟದ ಬಿಲ್ಲು, ಇ-ವೇ ಬಿಲ್ಲು, ಕಾಟಾ ಚೀಟಿ, ಲಾರಿ ರಸೀದಿ, ಹಣ ಬಂದ ಬ್ಯಾಂಕಿನ ಹಾಳೆ, ಮಿಲ್ಲಿನವರ ಪತ್ರ. ಎಲ್ಲ ಸೇರಿ ಹದಿನೈದು ಇಪ್ಪತ್ತು ಕಾಗದ.

ಮೊದಲು ಉತ್ಸಾಹದಲ್ಲಿ ಪ್ರತಿ ಲಾಟಿನೊಳಗೂ ಖರೀದಿ, ಸಾಗಣೆ, ಹಣ ಎಂದು ಆರು ಖಾನೆ ಮಾಡಿದ್ದೆವು. ಮೂರೇ ತಿಂಗಳಲ್ಲಿ ಬಿಟ್ಟೆವು. ಇಪ್ಪತ್ತು ಕಾಗದಕ್ಕೆ ಆರು ಖಾನೆ ಎಂದರೆ ಮಸಾಲೆ ಡಬ್ಬಿಯೊಳಗೆ ಇನ್ನೊಂದು ಮಸಾಲೆ ಡಬ್ಬಿ ಇಟ್ಟ ಹಾಗೆ. ಗೋಡೌನ್ ಕಟ್ಟಿಸುವಂಥ ದೊಡ್ಡ ಕೆಲಸಕ್ಕೆ, ನಕ್ಷೆ, ಮೇಸ್ತ್ರಿ, ಸಿಮೆಂಟು ಎಂದು ನೂರಾರು ಕಾಗದ ಇದ್ದರೆ ಖಾನೆ ಮಾಡಲಿ, ಲಾಟಿಗೆ ಬೇಡ.

ಇದರಲ್ಲಿ ಒಂದು ಕಾಗದ ಮಾತ್ರ ನಾವೇ ಬರೆಯುವುದು, ಅದು ಎಲ್ಲಕ್ಕಿಂತ ಬೆಲೆಬಾಳುವುದು. ಹೆಸರು '00 ವಿವರ'. ಆರೇಳು ಸಾಲು. ಯಾರ ಜೊತೆ ಯಾವ ದಿನ ಫೋನಿನಲ್ಲಿ ಏನು ಮಾತಾಯಿತು, ತೇವಕ್ಕೆ ಎಷ್ಟು ಬಿಡುವೆಂದು ಒಪ್ಪಿದೆವು, ಹಣ ಎಷ್ಟು ದಿನಕ್ಕೆ, ಮಧ್ಯದ ದಲ್ಲಾಳಿ ಯಾರು. ನಮ್ಮ ವ್ಯಾಪಾರದಲ್ಲಿ ಅರ್ಧ ಕರಾರು ಬಾಯಿಮಾತಿನದು. ಬಾಯಿಮಾತಿಗೆ ಬಿಲ್ಲಿಲ್ಲ. ಆಡಿದವರು ಇಲ್ಲವಾದರೆ ಮಾತೂ ಇಲ್ಲ. ಮೊದಲೆರಡು ಸೊನ್ನೆ ಏಕೆಂದರೆ, ಹಾಗೆ ಬರೆದರೆ ಆ ಫೈಲು ಎಲ್ಲಕ್ಕಿಂತ ಮೇಲೆ ಬಂದು ಕೂಡುತ್ತದೆ. ಫೋಲ್ಡರು ತೆರೆದವರು ಅದನ್ನೇ ಮೊದಲು ಓದುತ್ತಾರೆ.

ಇನ್ನೊಂದು ಲಾಭ ನಾವು ಎಣಿಸದೆ ಬಂದದ್ದು. ಫೋಲ್ಡರುಗಳಿಗೆ ಎರಡು ಕೋಣೆ ಮಾಡಿದೆವು, 'ನಡೆದದ್ದು', 'ಮುಗಿದದ್ದು' ಎಂದು. ಪೂರ್ತಿ ಹಣ ಬಂದು ತಕರಾರು ತೀರಿದ ಮೇಲೆಯೇ ಲಾಟು ಮುಗಿದದ್ದಕ್ಕೆ ಹೋಗಬೇಕು. ಈಗ ಬೆಳಿಗ್ಗೆ 'ನಡೆದದ್ದು' ತೆರೆದರೆ ಯಾರಿಂದ ಬಾಕಿ ಬರಬೇಕೆಂಬುದು ಅಲ್ಲೇ ಕಾಣುತ್ತದೆ. ನಾಲ್ಕು ಫೋಲ್ಡರು ಎರಡು ತಿಂಗಳಿಂದ ಅಲ್ಲೇ ಕುಳಿತಿದ್ದರೆ ಫೋನು ಮಾಡಬೇಕೆಂದು ಯಾರೂ ನೆನಪಿಸಬೇಕಾಗಿಲ್ಲ.

ವರ್ಷದ ತೊಡಕೊಂದು ಉಂಟು, ಅದನ್ನು ಹೇಳಲೇಬೇಕು. ಹತ್ತಿಯ ಹಂಗಾಮು ಅಕ್ಟೋಬರಿನಿಂದ ಸೆಪ್ಟೆಂಬರ್. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹಿಂದೆ ನಮ್ಮವರ ವರ್ಷ ದೀಪಾವಳಿಯಿಂದ ದೀಪಾವಳಿಗೆ. ಭಗವಾನ್ ಮಹಾವೀರರ ನಿರ್ವಾಣದ ದಿನ ಹಳೆಯ ಪುಸ್ತಕ ಮುಗಿಸಿ ಹೊಸ ಪುಸ್ತಕಕ್ಕೆ ಪೂಜೆ. ಹತ್ತಿಯ ಹಂಗಾಮಿಗೂ ಅದು ಚೆನ್ನಾಗಿ ಹೊಂದುತ್ತಿತ್ತು. 1989-90ರ ಕರನಿರ್ಧಾರಣೆಯ ವರ್ಷದಿಂದ ಎಲ್ಲರಿಗೂ ಮಾರ್ಚ್ 31ಕ್ಕೇ ವರ್ಷ ಮುಗಿಯಬೇಕೆಂದಾಯಿತು. ಪೂಜೆ ಉಳಿಯಿತು, ಲೆಕ್ಕ ಬದಲಾಯಿತು. ಹೀಗಾಗಿ ಮಾರ್ಚಿಯಲ್ಲಿ ಕಳಿಸಿ ಮೇ ತಿಂಗಳಲ್ಲಿ ಹಣ ಬಂದ ಲಾಟು ಯಾವ ವರ್ಷದ ಫೋಲ್ಡರಿಗೆ ಹೋಗಬೇಕು? ವರ್ಷದಿಂದ ವಿಂಗಡಿಸಿದರೆ ಒಂದು ಲಾಟು ಎರಡು ತುಂಡಾಗುತ್ತದೆ. ನಾವು ಲಾಟನ್ನು ಒಡೆಯುವುದಿಲ್ಲ. ಅದು ಹಂಗಾಮಿನ ಹೆಸರಲ್ಲಿ ಇಡಿಯಾಗಿ ಇರುತ್ತದೆ. ಆಡಿಟರಿಗೆ ಬೇಕಾದ ರಿಟರ್ನು, ಚಲನು, ಬ್ಯಾಂಕ್ ಸ್ಟೇಟ್‌ಮೆಂಟು ಮಾತ್ರ ಏಪ್ರಿಲ್-ಮಾರ್ಚ್ ಲೆಕ್ಕದಲ್ಲಿ ಬೇರೆ ಫೋಲ್ಡರು. ಅವೂ ಒಂದು ಕೆಲಸವೇ: ವರ್ಷಕ್ಕೊಂದು ತೆರಿಗೆ ಕೆಲಸ.

ಟ್ಯಾಲಿಯ ಡಾಟಾ ಫೋಲ್ಡರಿಗೆ ಮಾತ್ರ ಕೈಹಾಕಬೇಡಿ. ಒಳಗೆ ಕಂಪನಿಯ ಹೆಸರಿರುವುದಿಲ್ಲ, ಬರೀ ಅಂಕಿಯ ಹೆಸರು. ಅಚ್ಚುಕಟ್ಟು ಮಾಡುತ್ತೇವೆಂದು ಅದನ್ನು ಬದಲಾಯಿಸಿ ಪೇಚಿಗೆ ಸಿಕ್ಕವರನ್ನು ಕಂಡಿದ್ದೇವೆ. ಅದರ ಬ್ಯಾಕಪ್ ಟ್ಯಾಲಿಯೊಳಗಿಂದಲೇ ತೆಗೆಯಬೇಕು.

ಎಷ್ಟು ವರ್ಷ ಇಡಬೇಕೆಂದು ಹಲವರು ಕೇಳುತ್ತಾರೆ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ, ವಾರ್ಷಿಕ ರಿಟರ್ನಿನ ಕಡೆಯ ದಿನದಿಂದ 72 ತಿಂಗಳು. 2022-23ರ ರಿಟರ್ನಿಗೆ ಕಡೆಯ ದಿನ 2023ರ ಡಿಸೆಂಬರ್ 31 ಆಗಿತ್ತು; ಅಂದರೆ ಆ ವರ್ಷದ ಕಾಗದ 2029ರ ಡಿಸೆಂಬರ್ ಕೊನೆಯವರೆಗೆ. ಕೇಸು, ಅಪೀಲು ನಡೆಯುತ್ತಿದ್ದರೆ ಇನ್ನೂ ಮುಂದಕ್ಕೆ. ಅಷ್ಟು ವರ್ಷದಲ್ಲಿ ಗುಮಾಸ್ತ ಬದಲಾಗುತ್ತಾನೆ, ಕಂಪ್ಯೂಟರು ಎರಡು ಸಲ ಬದಲಾಗುತ್ತದೆ, ಮೊಬೈಲಿನ ಲೆಕ್ಕವೇ ಬೇಡ.

ಹೆಸರಿಡುವುದರಲ್ಲಿ ನಮ್ಮ ಸೀಮೆಗೆ ನಮ್ಮದೇ ಕಷ್ಟ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ದೂರದ ಮಿಲ್ಲಿನವರೊಡನೆ ಹಿಂದಿ, ಟೈಪು ಮಾಡುವುದು ಇಂಗ್ಲಿಷ್. ಎಮ್ಮಿಗನೂರನ್ನು ಒಬ್ಬರು 'ಇ'ಯಿಂದ ಬರೆದರೆ ಇನ್ನೊಬ್ಬರು 'ವೈ'ಯಿಂದ. ಆದೋನಿಯನ್ನು ಹಳಬರು ಆದವಾನಿ ಎನ್ನುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ಒಂದೇ ಎಮ್ಮಿಗನೂರಿನ ಪಾರ್ಟಿಗೆ ನಾಲ್ಕು ಕಾಗುಣಿತ ಸಿಕ್ಕಿತು. ಒಂದನ್ನು ಹುಡುಕಿದರೆ ಉಳಿದ ಮೂರು ಬರುವುದಿಲ್ಲ. ಈಗ ಊರು, ಪಾರ್ಟಿಗಳ ಹೆಸರನ್ನು ಹೇಗೆ ಬರೆಯಬೇಕೆಂದು ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇವೆ. ಕನ್ನಡದಲ್ಲೇ ಹೆಸರಿಟ್ಟರೂ ಯಂತ್ರ ಒಪ್ಪುತ್ತದೆ, ಮನೆಯ ಫೋಲ್ಡರುಗಳಿಗೆ ಹಾಗೇ ಇಟ್ಟಿದ್ದೇವೆ. ಅಂಗಡಿಯಲ್ಲಿ ತೆಲುಗಿನ ಹುಡುಗ ಕೂಡುವುದರಿಂದ ಅವನಿಗೂ ಓದಲು ಬರಬೇಕಲ್ಲ.

ತಾರೀಖು ಬರೆಯುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ: 2024-01-18. ನಮ್ಮ ರೂಢಿಗೆ ತಿರುಗುಮುರುಗು, ಆದರೆ ಹೀಗೆ ಬರೆದರೆ ಫೈಲುಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೇ ತಾರೀಖೂ ಒಟ್ಟಿಗೆ ಬಂದು ಗದ್ದಲ. ವ್ಯಾಪಾರಿಗಳಿಗೆ ಪ್ರಿಯವಾದ ಓರೆಗೆರೆ, ಬಿಲ್ ನಂಬರು 45/24 ಎಂಬಂಥದ್ದು, ವಿಂಡೋಸಿನಲ್ಲಿ ಹೆಸರಿಗೆ ನಡೆಯುವುದಿಲ್ಲ, ಅಡ್ಡಗೆರೆ ಹಾಕಿ. 'ಫೈನಲ್' ಎಂಬ ಶಬ್ದವನ್ನು ನಮ್ಮ ಅಂಗಡಿಯಲ್ಲಿ ನಿಷೇಧಿಸಿದ್ದೇವೆ.

ಮನೆಯ ಕೆಲಸಗಳಿಗೂ ಇದೇ ಕ್ರಮ ತಂದೆವು. ಮಗಳ ಮದುವೆ ಒಂದು ಫೋಲ್ಡರು, ಅಜ್ಜಿಯ ಮೊಣಕಾಲಿನ ಆಪರೇಷನ್ ಒಂದು, ಬಸದಿಯ ಜೀರ್ಣೋದ್ಧಾರಕ್ಕೆ ನಾವು ಸಂಗ್ರಹಿಸಿದ ದೇಣಿಗೆಯ ಲೆಕ್ಕ ಒಂದು. ಜನರ ಹಣದ ಲೆಕ್ಕ ನಮ್ಮ ಹಣದ ಲೆಕ್ಕಕ್ಕಿಂತ ಚೊಕ್ಕಟವಾಗಿರಬೇಕು, ಅದನ್ನು ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಬೆವರಿಳಿಸಿದ್ದು ಜಮೀನಿನ ಕಾಗದ. ಈ ಭಾಗದ ಹಳೆಯ ಮನೆತನಗಳಿಗೆಲ್ಲ ಗೊತ್ತಿರುವ ಸಂಗತಿ: ಆದೋನಿ, ಆಲೂರು ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯವು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಈ ಎರಡು ತಾಲೂಕು ಆಂಧ್ರಕ್ಕೆ ಬಂದು ಕರ್ನೂಲು ಜಿಲ್ಲೆಗೆ ಸೇರಿದವು. 2022ರ ಏಪ್ರಿಲ್‌ನಲ್ಲಿ ಕರ್ನೂಲು ಜಿಲ್ಲೆಯೇ ಒಡೆದು ನಂದ್ಯಾಲ ಬೇರೆಯಾಯಿತು. ಆದೋನಿ ಕರ್ನೂಲಿನಲ್ಲೇ ಉಳಿಯಿತು. ಹೊಲ ಇದ್ದಲ್ಲೇ ಇದೆ, ಮೇಲಿನ ಜಿಲ್ಲೆ, ರಾಜ್ಯ, ಕಚೇರಿ ಬದಲಾಗುತ್ತಲೇ ಬಂದಿವೆ. ತಮ್ಮ ಸ್ಕ್ಯಾನ್ ಮಾಡಿದ್ದ ಹಳೆಯ ಪತ್ರಗಳಲ್ಲಿ 'ಬಳ್ಳಾರಿ ಡಿಸ್ಟ್ರಿಕ್ಟ್' ಎಂದಿದ್ದದ್ದೆಲ್ಲ 'ಬಳ್ಳಾರಿ' ಫೋಲ್ಡರಿನಲ್ಲಿ, ನಮ್ಮ ಬಳ್ಳಾರಿ ಪಾರ್ಟಿಗಳ ಬಿಲ್ಲಿನ ನಡುವೆ ಇದ್ದವು! ಒಂದೇ ಹೊಲದ 1948ರ ಕ್ರಯಪತ್ರ ಅಲ್ಲಿ, 1971ರ ಪಾಲುಪಟ್ಟಿ ಇನ್ನೊಂದು ಕಡೆ, ಈಚಿನ ಪಾಸ್‌ಬುಕ್ಕು ಮೊಬೈಲಿನಲ್ಲಿ. ಈಗ ಹೊಲಕ್ಕೊಂದು ಫೋಲ್ಡರು. ಹೆಸರಿನಲ್ಲಿ ಗ್ರಾಮ, ಸರ್ವೆ ನಂಬರು ಮಾತ್ರ, ಜಿಲ್ಲೆಯ ಹೆಸರಿಲ್ಲ. 2020ರ ಕೊನೆಗೆ ಆಂಧ್ರದಲ್ಲಿ ಶುರುವಾದ ಮರುಸರ್ವೆ ಮುಗಿದ ಊರುಗಳಲ್ಲಿ ಸರ್ವೆ ನಂಬರಿನ ಜಾಗಕ್ಕೆ ಹೊಸ ನಂಬರು ಬಂದಿದೆ. ಅಂಥಲ್ಲಿ ಹಳೆಯದು ಹೊಸದು ಎರಡನ್ನೂ '00 ವಿವರ'ದಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿ ಒಂದೇ ಯಂತ್ರದಲ್ಲಿಟ್ಟರೆ ಏನು ಬಂತು? 2009ರ ಅಕ್ಟೋಬರ್ ಮೊದಲ ವಾರವನ್ನು ನಮ್ಮ ಕಡೆಯವರು ಮರೆಯುವಂತಿಲ್ಲ. ತುಂಗಭದ್ರೆ, ಹಂದ್ರಿ ಉಕ್ಕಿ ಕರ್ನೂಲು ಪಟ್ಟಣ ಮುಳುಗಿತು, ಮಂತ್ರಾಲಯ ಮುಳುಗಿತು. ಕರ್ನೂಲಿನ ನಮ್ಮ ಬೀಗರ ಬಟ್ಟೆ ಅಂಗಡಿಯಲ್ಲಿ ನೀರು ಇಳಿದ ಮೇಲೆ ಲೆಕ್ಕದ ಪುಸ್ತಕಗಳು ಕೆಸರಿನ ಇಟ್ಟಿಗೆಗಳಾಗಿದ್ದವು, ಕಂಪ್ಯೂಟರಿನ ಡಬ್ಬಿಯಿಂದ ಮಣ್ಣು ಬಂತು. ಬ್ಯಾಕಪ್ ಇತ್ತು. ಅದೇ ಮೇಜಿನ ಕೆಳಗಿನ ಡ್ರಾಯರಿನಲ್ಲಿ.

ನಮ್ಮವರಿಗೆ ಇದು ತಿಳಿಯದ್ದೇ? ಪೊನ್ನ ಕವಿಯ ಶಾಂತಿಪುರಾಣ ಅಳಿಯಬಾರದೆಂದು ಅತ್ತಿಮಬ್ಬೆ ಅದಕ್ಕೆ ಸಾವಿರ ಪ್ರತಿ ಬರೆಯಿಸಿ ಹಂಚಿದ್ದು ಹತ್ತನೆಯ ಶತಮಾನದಲ್ಲಿ. ಒಂದೇ ಭಂಡಾರದಲ್ಲಿ ಸಾವಿರ ಪ್ರತಿ ಇಡಲಿಲ್ಲ, ಹಂಚಿದಳು. ಗುಟ್ಟು ಇರುವುದು ಅಲ್ಲಿ. ಇತ್ತ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯೊಂದರಲ್ಲೇ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಹಿಡಿದು, ಹೀರಾಲಾಲ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಲ್ಲಿಯವರೆಗೆ ಒಂದು ಬೆಂಕಿ, ಒಂದು ಗೆದ್ದಲಿನ ಗೂಡು ಸಾಕಿತ್ತು.

ನಮ್ಮ ಏರ್ಪಾಡು ಸರಳ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು. ಪ್ರತಿ ಶನಿವಾರ ಸಂಜೆ ಹೊರಗಿನ ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ. ತೆಗೆದ ಕೂಡಲೇ ವೈರು ಬಿಚ್ಚಿ ಮನೆಗೆ. ಸದಾ ಚುಚ್ಚಿಟ್ಟರೆ ವೈರಸ್ಸು ಬಂದ ದಿನ ಎರಡೂ ಹೋಗುತ್ತವೆ. ಮೂರನೆಯದು ಬಳ್ಳಾರಿಯ ನಮ್ಮ ತಂಗಿಯ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಹೊಸದು ಕೊಟ್ಟು ಹಳೆಯದು ತರುವುದು. ಇಂಟರ್‌ನೆಟ್ಟಿನಲ್ಲಿ ಇಡುವುದೂ ಒಳ್ಳೆಯದೇ, ಆದರೆ ಆ ಖಾತೆಯ ಪಾಸ್‌ವರ್ಡು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ. ಪಾಸ್‌ವರ್ಡುಗಳನ್ನೂ, ಯಾವ ಓಟಿಪಿ ಯಾರ ಮೊಬೈಲಿಗೆ ಬರುತ್ತದೆಂಬುದನ್ನೂ ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಬೆಳ್ಳಿ ಸಾಮಾನಿನ ಕಪಾಟಿನಲ್ಲಿಟ್ಟಿದ್ದೇವೆ. ದೀಪಾವಳಿಯ ಪುಸ್ತಕ ಪೂಜೆಯ ದಿನ ಲಕೋಟೆ ಒಡೆದು, ತಿದ್ದಿ, ಮತ್ತೆ ಅಂಟಿಸುವುದು. ಹಾರ್ಡ್‌ಡಿಸ್ಕಿಗೂ ಅಂದು ಕುಂಕುಮ ಬೀಳುತ್ತದೆ. ಮಕ್ಕಳು ನಗುತ್ತಾರೆ, ನಗಲಿ.

ಹಳೆಯದನ್ನೆಲ್ಲ ಒಟ್ಟಿಗೆ ಸರಿಮಾಡಲು ಹೋಗಬೇಡಿ. ನಾವು ಹೋಗಿ ಸೋತೆವು. ಇವತ್ತಿನಿಂದ ಹೊಸ ಲಾಟಿಗೆ ಹೊಸ ಫೋಲ್ಡರು ಶುರುಮಾಡಿ. ಹಿಂದಿನದನ್ನು 'ಹಳೆಯದು' ಎಂಬ ಒಂದೇ ಕೋಣೆಗೆ ತಳ್ಳಿ, ಅಗತ್ಯ ಬಿದ್ದಾಗ ಅಲ್ಲಿಂದ ಎತ್ತಿ ಅದರ ಜಾಗಕ್ಕೆ ಸೇರಿಸಿ.

ಹೋದ ವರ್ಷ ಅಧಿಕಾರಿಗಳಿಂದ ಹಿಂದಿನ ಒಂದು ಲಾಟಿನ ಸಾಗಣೆಯ ಬಗ್ಗೆ ನೋಟೀಸು ಬಂತು. 30 ದಿನದೊಳಗೆ ಉತ್ತರ ಕೊಡಬೇಕು. ನಾವು ಊರಲ್ಲಿರಲಿಲ್ಲ, ಕೋಸಿಗಿ ಕಡೆ ಖರೀದಿಗೆ ಹೋಗಿದ್ದೆವು. ತಮ್ಮನ ದೊಡ್ಡ ಮಗ ಫೋನು ಮಾಡಿ, "ದೊಡ್ಡಪ್ಪಾ, ಅಮ್ಮ ಎಲ್ಲ ತೆಗೆದು ಆಡಿಟರಿಗೆ ಕಳಿಸಿದ್ರು, ನೀವು ಬಂದು ಸಹಿ ಹಾಕಿದ್ರೆ ಸಾಕು" ಎಂದ. ಅಷ್ಟೇ.

'ಹಳೆಯದು' ಕೋಣೆಯಲ್ಲಿ ಇನ್ನೂ ಆರುನೂರು ಚಿತ್ರಗಳು ಉಳಿದಿವೆ. ಭಾನುವಾರ ಬಸದಿಯಿಂದ ಬಂದ ಮೇಲೆ ಅವಳು ಇಪ್ಪತ್ತು ಮೂವತ್ತು ನೋಡುತ್ತಾಳೆ. ಹೋದ ತಿಂಗಳು ಒಂದು ಕಾಟಾ ಚೀಟಿ ಸಿಕ್ಕಿತು. 2021ರ ಜನವರಿಯದು, ಆ ಮಿಲ್ಲಿಗೆ ಹೋದ ಎರಡು ಲಾಟಿನಲ್ಲಿ ಮೊದಲನೆಯದರದ್ದು. ತೂಕ ನಮ್ಮ ಬಿಲ್ಲಿನಲ್ಲಿದ್ದಷ್ಟೇ ಇತ್ತು. ಚೀಟಿಯ ಮೂಲೆಯಲ್ಲಿ ಅದನ್ನು ಹಿಡಿದ ತಮ್ಮನ ಹೆಬ್ಬೆರಳು ಕಾಣುತ್ತದೆ. ಅವಳು ಆ ಲಾಟಿಗೂ ಒಂದು ಫೋಲ್ಡರು ಮಾಡಿ, ಚೀಟಿಯನ್ನು ಅದರಲ್ಲಿಟ್ಟು, 'ಮುಗಿದದ್ದು' ಕೋಣೆಗೆ ಹಾಕಿದ್ದಾಳೆ.